ದೀಕ್ಷಾಸ್ನಾನದ ಮರುದಿನ

ಸಸಿ ನೆಟ್ಟ ದಿನವೇ ಫಲ ಕೈಸೇರುವುದಿಲ್ಲ ಎಂಬುದನ್ನು ಜತ್ತ ತಾಲೂಕಿನ ದ್ರಾಕ್ಷಿ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಬಳ್ಳಿಯನ್ನು ಹಂದರಕ್ಕೆ ಏರಿಸಬೇಕು. ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್ ತಿಂಗಳಲ್ಲಿ ಮತ್ತೊಮ್ಮೆ ಛಾಟಣಿ ಮಾಡಬೇಕು. ಮೊದಲ ಕತ್ತರಿಯಿಂದ ಕಡ್ಡಿ ಬಲಿಯುತ್ತದೆ, ಎರಡನೆಯದರಿಂದ ಗೊನೆ ಹೊರಡುತ್ತದೆ. ಒಂದು ವರ್ಷ ಕತ್ತರಿಸಿದ ಬಳ್ಳಿಯನ್ನು ಮರುವರ್ಷ ಮತ್ತೆ ಕತ್ತರಿಸಲೇಬೇಕು. ಹಂದರದ ಮೇಲೆ ಸೊಪ್ಪು ದಟ್ಟವಾಗಿ ಹಬ್ಬಿದ್ದನ್ನು ಕಂಡು ಬೆಳೆ ಚೆನ್ನಾಗಿದೆ ಎಂದು ಹಿಗ್ಗುವವನು ತೋಟಗಾರಿಕೆಯನ್ನು ಅರಿಯದವನೇ ಸರಿ.

ಮತಾಂತರದ ಪ್ರಸ್ತಾಪ ಬಂದೊಡನೆ ಈ ತಿಳಿವಳಿಕೆ ಮರೆಯಾಗುತ್ತದೆ. ಪರವಾಗಿ ವಾದಿಸುವವರೂ ವಿರೋಧಿಸುವವರೂ ಒಂದೇ ದಿನವನ್ನು ಹಿಡಿದುಕೊಂಡು ಜಗ್ಗಾಡುತ್ತಾರೆ. ಎಷ್ಟು ಜನ ದೀಕ್ಷಾಸ್ನಾನ ಪಡೆದರು, ಯಾರ ಒತ್ತಾಯದಿಂದ, ಯಾವ ಆಸೆಯಿಂದ, ಹೆಸರು ಬದಲಾಯಿತೇ ಇಲ್ಲವೇ ಎಂಬಷ್ಟಕ್ಕೆ ಚರ್ಚೆ ಮುಗಿಯುತ್ತದೆ. ಆ ಮನುಷ್ಯ ಮರುದಿನ ಬೆಳಿಗ್ಗೆ ಎದ್ದಾಗ ಅವನ ಕೋಪ, ಮತ್ಸರ, ಹಳೆಯ ಚಟ, ಜಾತಿಯ ಬಿಗುಮಾನ ಎಲ್ಲಿದ್ದವು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಕ್ರೈಸ್ತ ಚಿಂತನೆ ಎರಡು ಸಾವಿರ ವರ್ಷಗಳಿಂದ ಅತ್ಯಂತ ಶ್ರಮವಹಿಸಿ ಬಿಡಿಸಲೆತ್ನಿಸಿರುವುದು ಈ ಮರುದಿನದ ಪ್ರಶ್ನೆಯನ್ನೇ. ಧರ್ಮವನ್ನು ಅದರ ಗ್ರಂಥಗಳ ಮೂಲಕ ಅರಿಯಬೇಕಾದ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದದ್ದೂ ಅದನ್ನೇ.

ಮೊದಲ ತೊಡಕು ಭಾಷೆಯದು. ಕನ್ನಡ ಬೈಬಲ್ಲು ಬಳಸುವ ‘ಪಾಪ’ ಎಂಬ ಪದ ಅದಕ್ಕಿಂತ ಬಹಳ ಹಿಂದಿನಿಂದ ಈ ನಾಡಿನಲ್ಲಿ ಬೇರೊಂದು ಅರ್ಥವನ್ನು ಹೊತ್ತುಕೊಂಡು ಬಂದಿದೆ. ಪಾಪ ಎಂದರೆ ಮಾಡಿದ ಕೆಟ್ಟ ಕರ್ಮ. ಅದಕ್ಕೆ ಫಲವುಂಟು, ಪ್ರಾಯಶ್ಚಿತ್ತವುಂಟು, ಪುಣ್ಯದಿಂದ ಅದನ್ನು ಸರಿದೂಗಿಸುವ ಲೆಕ್ಕವೂ ಉಂಟು. ಕ್ರೈಸ್ತರ ದೃಷ್ಟಿಯಲ್ಲಿ ಪಾಪವೆಂಬುದು ಬಿಡಿಬಿಡಿ ಕೃತ್ಯಗಳ ಮೊತ್ತಕ್ಕಿಂತ ಆಳವಾದದ್ದು. ಅದು ದೇವರಿಗೆ ಬೆನ್ನು ತಿರುಗಿಸಿ ನಿಂತ ಇಡೀ ವ್ಯಕ್ತಿತ್ವದ ಸ್ಥಿತಿ. ಆದ್ದರಿಂದಲೇ ಕನ್ನಡ ಬೈಬಲ್ಲಿನ ಅನುವಾದಕರು ‘ಶರೀರಭಾವ’ ಎಂಬ ಪದವನ್ನು ಬಳಕೆಗೆ ತಂದರು. ಶರೀರವೇ ಪಾಪವೆಂದು ಅದರ ಅರ್ಥವಲ್ಲ. ತನ್ನನ್ನೇ ಕೇಂದ್ರವಾಗಿಸಿಕೊಂಡ ಮನಸ್ಸಿನ ಒಲವು ಎಂದು ಅರ್ಥ. ಮತ್ಸರ, ಜಗಳ, ಗುಂಪುಗಾರಿಕೆಗಳೂ ಅದರ ಪಟ್ಟಿಯಲ್ಲಿ ಸೇರಿವೆ. ಹಾಗೆಯೇ ‘ದೀಕ್ಷಾಸ್ನಾನ’ ಎಂಬ ಸಮಾಸವನ್ನು ಬಿಡಿಸಿ ನೋಡಬೇಕು. ಸ್ನಾನ ಒಮ್ಮೆಗೆ ಮುಗಿಯುತ್ತದೆ. ದೀಕ್ಷೆ ಆಗಷ್ಟೇ ಆರಂಭವಾಗುತ್ತದೆ. ಓದುಗನು ಮೊದಲ ಪದವನ್ನು ಮರೆತು ಎರಡನೆಯದನ್ನಷ್ಟೇ ಹಿಡಿದರೆ ಇಡೀ ಸಂಸ್ಕಾರ ತೊಳೆಯುವ ಕ್ರಿಯೆಯಾಗಿ ಮಾತ್ರ ಕಾಣುತ್ತದೆ.

ದೀಕ್ಷೆ ಪಡೆದವನಲ್ಲಿಯೂ ಹೋರಾಟ ಉಳಿಯುತ್ತದೆ ಎಂಬುದನ್ನು ಮೊದಲು ಬರೆದಿಟ್ಟವನು ಪೌಲನು. ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ, ಬಯಸಿದ ಒಳಿತನ್ನು ಮಾಡಲಾರದೆ ಬಯಸದ ಕೆಡುಕನ್ನೇ ಮಾಡುವ ಮನುಷ್ಯನ ಗೋಳು ಉತ್ತಮಪುರುಷದಲ್ಲಿ ಮೂಡಿದೆ. ಇದು ಪೌಲನ ಪರಿವರ್ತನೆಗೆ ಹಿಂದಿನ ಸ್ಥಿತಿಯೋ ನಂತರದ ಸ್ಥಿತಿಯೋ ಎಂಬ ವಿವಾದ ಇಂದಿಗೂ ನಡೆದಿದೆ. ಆದರೆ ಅದನ್ನು ಓದಿದ ತಲೆಮಾರುಗಳು ತಮ್ಮ ನಂತರದ ಸ್ಥಿತಿಯನ್ನೇ ಅದರಲ್ಲಿ ಕಂಡುಕೊಂಡವು ಎಂಬುದು ನಿಶ್ಚಯ.

ಸಂತ ಅಗಸ್ಟೀನನು ಕ್ರಿ.ಶ. 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದನು. ಹತ್ತು ವರ್ಷಗಳ ಅನಂತರ ಬಿಷಪ್ಪನಾಗಿ ತನ್ನ ಆತ್ಮನಿವೇದನೆಯನ್ನು ಬರೆಯಲು ಕುಳಿತನು. ಪರಿವರ್ತನೆಯ ಕಥೆಗೆ ಅಲ್ಲಿಯೇ ಮಂಗಳ ಹಾಡಬಹುದಿತ್ತು. ಆತ ಹಾಗೆ ಮಾಡಲಿಲ್ಲ. ಹತ್ತನೆಯ ಭಾಗದಲ್ಲಿ ಬರೆಯುತ್ತಿರುವ ಹೊತ್ತಿನ ತನ್ನ ಮನಸ್ಸನ್ನೇ ಪರೀಕ್ಷೆಗೆ ಒಡ್ಡಿದನು: ಊಟದಲ್ಲಿ ಹಸಿವೆಲ್ಲಿ ಮುಗಿದು ಚಪಲವೆಲ್ಲಿ ಆರಂಭವಾಗುತ್ತದೆ, ಸ್ತೋತ್ರಗೀತೆಯಲ್ಲಿ ಭಕ್ತಿಗಿಂತ ರಾಗವೇ ಹೆಚ್ಚು ಹಿತವಾಗುತ್ತದೆಯೇ, ಜನರ ಹೊಗಳಿಕೆಯನ್ನು ತಾನೇಕೆ ಬಯಸುತ್ತೇನೆ. ಧರ್ಮಗುರುವೊಬ್ಬ ತನ್ನ ಹಿಂದಿನ ದುರ್ಜೀವನವನ್ನು ಹೇಳಿಕೊಳ್ಳುವುದು ಸುಲಭ; ಇಂದಿನ ದೌರ್ಬಲ್ಯವನ್ನು ಹೇಳಿಕೊಳ್ಳುವುದು ಕಷ್ಟ. ಆತನ ಗ್ರಂಥದ ಬೆಲೆ ಈ ಎರಡನೆಯದರಲ್ಲಿದೆ.

ಈ ಹೋರಾಟಕ್ಕೆ ಕ್ರೈಸ್ತ ಪರಂಪರೆಗಳು ಕೊಟ್ಟ ಪರಿಹಾರ ಒಂದೇ ಬಗೆಯದಲ್ಲ. ಕ್ಯಾಥೊಲಿಕ್ ಸಭೆಯು ದೀಕ್ಷಾಸ್ನಾನದ ನಂತರದ ಪಾಪಗಳಿಗಾಗಿ ಪಾಪನಿವೇದನೆಯೆಂಬ ಸಂಸ್ಕಾರವನ್ನು ಇರಿಸಿತು. ಗುರುವಿನೆದುರು ತಪ್ಪನ್ನು ಬಾಯಿಬಿಟ್ಟು ಹೇಳಿ ಕ್ಷಮೆಯನ್ನೂ ಪ್ರಾಯಶ್ಚಿತ್ತವನ್ನೂ ಪಡೆಯುವ ಕ್ರಮವದು. ಮಾರ್ಟಿನ್ ಲೂಥರನು 1517ರಲ್ಲಿ ಮಂಡಿಸಿದ ತೊಂಬತ್ತೈದು ಪ್ರಮೇಯಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂದು ಸಾರಿತು. ಆತನ ಪ್ರಕಾರ ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. ಕ್ರಿಸ್ತನ ಕಾರಣದಿಂದ ಅವನನ್ನು ನೀತಿವಂತನೆಂದು ಎಣಿಸಲಾಗಿದೆ. ತನ್ನಷ್ಟಕ್ಕೆ ನೋಡಿಕೊಂಡರೆ ಅವನು ಇನ್ನೂ ಪಾಪಿಯೇ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಗೆ ಇಷ್ಟಕ್ಕೇ ನಿಲ್ಲುವುದು ಸಮ್ಮತವಾಗಲಿಲ್ಲ. ಕೃಪೆಯು ಮನುಷ್ಯನನ್ನು ಕ್ಷಮಿಸುವುದಷ್ಟೇ ಅಲ್ಲದೆ ಬದಲಿಸಲೂ ಬಲ್ಲದು, ಈ ಬದುಕಿನಲ್ಲಿಯೇ ಹೃದಯವು ಪೂರ್ಣಪ್ರೀತಿಯಿಂದ ತುಂಬಬಲ್ಲದು ಎಂದು ಅವನು ವಾದಿಸಿದನು. ಆತನ ‘ಪರಿಪೂರ್ಣತೆ’ಯಲ್ಲಿ ಅಜ್ಞಾನಕ್ಕೂ ತಪ್ಪು ತಿಳಿವಳಿಕೆಗೂ ಎಡೆಯಿದೆ; ಬೇಕೆಂದೇ ಪ್ರೀತಿಯನ್ನು ಮುರಿಯುವುದಕ್ಕೆ ಎಡೆಯಿಲ್ಲ.

ಲೂಥರನ ಮಾರ್ಗದ ಅಪಾಯ ಸ್ಪಷ್ಟ. ಹೇಗೂ ಕ್ಷಮೆ ಸಿಕ್ಕಿದೆ ಎಂಬ ಭರವಸೆ ಸೋಮಾರಿತನಕ್ಕೆ ತಿರುಗಬಹುದು. ವೆಸ್ಲಿಯ ಮಾರ್ಗದ ಅಪಾಯವೂ ಅಷ್ಟೇ ಸ್ಪಷ್ಟ. ಪರಿಪೂರ್ಣನಾಗಬೇಕಾದವನು ಪರಿಪೂರ್ಣನಂತೆ ನಟಿಸಲು ಕಲಿಯಬಹುದು. ಇವೆರಡರಲ್ಲಿ ಎರಡನೆಯದು ಹೆಚ್ಚು ಕೆಟ್ಟದ್ದು. ಸೋಮಾರಿಯನ್ನು ಎಚ್ಚರಿಸಬಹುದು, ನಟನು ಎಚ್ಚರವಾಗಿಯೇ ಇರುತ್ತಾನೆ.

ಈ ಅಪಾಯವನ್ನು ಕನ್ನಡಕ್ಕೆ ಚಿತ್ರಸಹಿತ ತಂದ ಪುಸ್ತಕವೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿಗಳಿಗೆ ಹಬ್ಬಿದ ಬಾಸೆಲ್ ಮಿಶನ್ನಿನ ಕನ್ನಡ ಪ್ರಕಟಣೆಗಳಲ್ಲಿ ‘ಹೃದಯದರ್ಪಣ’ವೂ ಒಂದು. ಜರ್ಮನಿಯ ಗೋಸ್ನರನ ಹೃದಯಪುಸ್ತಕವನ್ನು ಅನುಸರಿಸಿದ ಈ ಕೃತಿಯಲ್ಲಿ ಮನುಷ್ಯನ ಹೃದಯವನ್ನೇ ಒಂದು ಮನೆಯಂತೆ ಬರೆದು, ಅದರೊಳಗೆ ಅಹಂಕಾರಕ್ಕೆ ನವಿಲು, ಕಾಮಕ್ಕೆ ಹೋತ, ಅಸೂಯೆಗೆ ಹಾವು, ಆಲಸ್ಯಕ್ಕೆ ಆಮೆ ಎಂಬಂತೆ ಪ್ರಾಣಿಗಳನ್ನು ಕೂರಿಸಲಾಗಿದೆ. ಪಶ್ಚಾತ್ತಾಪ ಹುಟ್ಟಿದಾಗ ಅವು ಹೊರಡುತ್ತವೆ, ಹೃದಯ ದೇವಾಲಯವಾಗುತ್ತದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಪ್ರಚಾರಪತ್ರವಾಗುತ್ತಿತ್ತು. ಮುಂದಿನ ಚಿತ್ರಗಳಲ್ಲಿ ಅದೇ ಹೃದಯ ತಣ್ಣಗಾಗುತ್ತದೆ, ಪ್ರಾಣಿಗಳು ಬಾಗಿಲ ಬಳಿ ಸುಳಿಯುತ್ತವೆ, ಕೊನೆಗೆ ಒಳಹೊಕ್ಕು ಹೃದಯವನ್ನು ಮೊದಲಿಗಿಂತ ಹೀನಸ್ಥಿತಿಗೆ ತರುತ್ತವೆ. ಗುಡಿಸಿ ಅಲಂಕರಿಸಿದ ಮನೆಗೆ ಹಳೆಯ ದೆವ್ವ ತನಗಿಂತ ಕೆಟ್ಟ ಏಳು ದೆವ್ವಗಳೊಡನೆ ಮರಳುವ ಸುವಾರ್ತೆಯ ದೃಷ್ಟಾಂತ ಇದಕ್ಕೆ ಮೂಲ. ಹೊಸಬರನ್ನು ಸೇರಿಸಿಕೊಳ್ಳಲು ಬಂದವರು, ಸೇರಿದವರು ಮತ್ತೆ ಬೀಳಬಹುದೆಂಬ ಚಿತ್ರವನ್ನು ತಾವೇ ಅಚ್ಚುಹಾಕಿ ಹಂಚಿದರು ಎಂಬುದು ಗಮನಾರ್ಹ.

ಈ ಸತ್ಯವನ್ನು ತನ್ನ ಬದುಕಿನಿಂದ ಬರೆದವರು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ, ಕಾರ್ಕಳ ಸೀಮೆಯ ಮಾಳದ ಮನೆತನದ ಈ ವಿದುಷಿ ಕರ್ನಾಟಕ, ಮಹಾರಾಷ್ಟ್ರಗಳೆರಡಕ್ಕೂ ಸಲ್ಲುವವರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು. ಲೋಕದ ಲೆಕ್ಕದಲ್ಲಿ ಅಲ್ಲಿಗೆ ಅವರ ಮತಾಂತರ ಮುಗಿಯಿತು. ಅವರ ಲೆಕ್ಕ ಬೇರೆ. 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷ್ಯದಲ್ಲಿ, ದೀಕ್ಷಾಸ್ನಾನದ ನಂತರ ಎಂಟು ವರ್ಷಗಳವರೆಗೆ ತಮಗೆ ಕ್ರೈಸ್ತ ಧರ್ಮ ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲ ಎಂಬ ಅರ್ಥದಲ್ಲಿ ಅವರು ಬರೆದುಕೊಂಡರು. ಆ ಎಂಟು ವರ್ಷಗಳು ಸುಮ್ಮನೆ ಕಳೆದವಲ್ಲ. ಅಮೆರಿಕದ ಪ್ರವಾಸ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನದ ಸ್ಥಾಪನೆ, ವಿಧವೆಯರ ಶಿಕ್ಷಣ ಎಲ್ಲವೂ ಆ ಅವಧಿಯಲ್ಲೇ ನಡೆದವು. ಹೊರಗಿನಿಂದ ನೋಡಿದವರಿಗೆ ಅದು ಪುಣ್ಯಜೀವನ. ಅವರಿಗೆ ಅದು ಒಳಗಿನ ಕೊರತೆಯನ್ನು ಮುಚ್ಚಿದ ಜೀವನ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಹ್ಯಾಸ್ಲಮ್ ತಾನು ಪ್ರಸಂಗಪೀಠದಲ್ಲಿ ನಿಂತು ಉಪದೇಶಿಸುತ್ತಿರುವಾಗಲೇ ತನಗೆ ಪರಿವರ್ತನೆಯಾದ ಬಗೆಯನ್ನು ಬರೆದ ಪುಸ್ತಕವನ್ನು ಓದಿದಾಗ ರಮಾಬಾಯಿಯವರಿಗೆ ತಮ್ಮ ಕೊರತೆಯ ಹೆಸರು ತಿಳಿಯಿತು.

ರಮಾಬಾಯಿಯವರ ಬದುಕು ಇನ್ನೊಂದು ಸೂಕ್ಷ್ಮವನ್ನೂ ಕಲಿಸುತ್ತದೆ. ದೀಕ್ಷಾಸ್ನಾನದ ನಂತರವೂ ಅವರು ಸಸ್ಯಾಹಾರವನ್ನು ಬಿಡಲಿಲ್ಲ. ಅವರ ಆಧ್ಯಾತ್ಮಿಕ ಪೋಷಕಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಇದರಲ್ಲಿ ಜಾತಿಯ ಗರ್ವ ಉಳಿದಿರುವಂತೆ ಕಂಡಿತು. ರಮಾಬಾಯಿ ಪತ್ರಗಳಲ್ಲಿ ವಾದಿಸಿದರೇ ಹೊರತು ಮಣಿಯಲಿಲ್ಲ. ಹಳೆಯ ಬದುಕಿನಿಂದ ಬಂದದ್ದೆಲ್ಲ ಪಾಪವಲ್ಲ. ಹೊಸ ಸಮುದಾಯ ಒಪ್ಪಿದ್ದೆಲ್ಲ ಪುಣ್ಯವೂ ಅಲ್ಲ. ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬಹುದು ಎಂದು ವಿವೇಚಿಸುವುದೇ ಬೆಳವಣಿಗೆಯ ದೊಡ್ಡ ಪಾಲು. ಉಡುಪು, ಊಟ, ಹೆಸರು ಬದಲಾದುದನ್ನು ಆತ್ಮದ ಬೆಳವಣಿಗೆಯೆಂದು ಎಣಿಸುವ ಸಭೆ ಹಂದರದ ಸೊಪ್ಪನ್ನು ನೋಡಿ ಹಿಗ್ಗುವ ತೋಟಗಾರನಂತೆಯೇ ಸರಿ.

ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಆಶ್ರಯವಾಯಿತು. ಬದುಕಿನ ಕೊನೆಯ ವರ್ಷಗಳನ್ನು, 1922ರಲ್ಲಿ ಕಣ್ಣುಮುಚ್ಚುವವರೆಗೂ, ಅವರು ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವಂಥ ಸರಳ ಮರಾಠಿಗೆ ತರುವ ಕೆಲಸಕ್ಕೆ ಕೊಟ್ಟರು. ಒಳಗಿನ ಬೆಳವಣಿಗೆ ಹೊರಗಿನ ಸೇವೆಯಾಗಿ ಹರಿಯಿತು. ಎಂಟು ವರ್ಷಗಳ ಕೊರತೆಯನ್ನು ಮುಚ್ಚಿಡದೆ ಬರೆದುದರಿಂದಲೇ ಆ ಸೇವೆಯ ಕಥನ ನಂಬಲರ್ಹವಾಗಿದೆ.

ಮರಾಠಿಯನ್ನೂ ಬಲ್ಲ ಜತ್ತ ಭಾಗದ ವಿದ್ಯಾರ್ಥಿಗಳಿಗೆ ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ ಅಪರಿಚಿತವಾಗಿರಲಾರದು. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದಾಗ ಪತ್ನಿ ಲಕ್ಷ್ಮೀಬಾಯಿ ವರ್ಷಗಳ ಕಾಲ ದೂರವಿದ್ದರು. ಬಂದು ಸೇರಿದ ಮೇಲೂ ಮಡಿಯನ್ನು ಬಿಡಲಿಲ್ಲ. ಜಾತಿಯ ಮೇಲುಕೀಳು ಮನುಷ್ಯನೇ ಮಾಡಿದ್ದು ಎಂಬ ನಿರ್ಧಾರಕ್ಕೆ ಅವರು ತಮ್ಮಷ್ಟಕ್ಕೆ ತಾವೇ ಬಂದರು, ಅದೂ 1900ರಲ್ಲಿ ದೀಕ್ಷಾಸ್ನಾನ ಪಡೆಯುವುದಕ್ಕೂ ಮೊದಲೇ. ರಮಾಬಾಯಿಯವರಲ್ಲಿ ಸಂಸ್ಕಾರ ಮೊದಲು, ಪರಿವರ್ತನೆ ಆಮೇಲೆ. ಲಕ್ಷ್ಮೀಬಾಯಿಯವರಲ್ಲಿ ಪರಿವರ್ತನೆಯ ದೊಡ್ಡ ಹೆಜ್ಜೆ ಮೊದಲು, ಸಂಸ್ಕಾರ ಆಮೇಲೆ. ದಿನಾಂಕವನ್ನು ಹಿಡಿದು ಮನುಷ್ಯನ ಒಳಗನ್ನು ಅಳೆಯಲಾಗದೆಂಬುದಕ್ಕೆ ಇವೆರಡು ಬದುಕುಗಳೇ ಸಾಕ್ಷಿ.

ಜಾತಿಯ ಪ್ರಶ್ನೆ ವ್ಯಕ್ತಿಗಷ್ಟೇ ಸೀಮಿತವಲ್ಲ. ಪಾಪವನ್ನು ಗೆಲ್ಲುವ ಮಾತನ್ನಾಡುವ ಸಭೆಗಳು ಬಹುಕಾಲ ಕುಡಿತ, ಜೂಜು, ವ್ಯಭಿಚಾರಗಳನ್ನು ಮಾತ್ರ ಎಣಿಸಿದವು. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಪ್ರತ್ಯೇಕ ಆಸನ, ಪ್ರತ್ಯೇಕ ಸ್ಮಶಾನಗಳು ಉಳಿದುಬಂದವು. ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ಸಂಸ್ಕಾರವುಳ್ಳ ಧರ್ಮದಲ್ಲಿ ಇದು ದೀಕ್ಷಾಸ್ನಾನದ ನಂತರ ಉಳಿದ ಪಾಪಗಳಲ್ಲಿ ಅತಿ ಘೋರವಾದದ್ದು. ಕುಡುಕನೊಬ್ಬನನ್ನು ಸಭೆಯೆದುರು ನಿಲ್ಲಿಸಿ ತಪ್ಪೊಪ್ಪಿಸುವುದು ಸುಲಭ. ಸಭೆಯೇ ತಪ್ಪೊಪ್ಪಿಕೊಳ್ಳುವುದು ಕಷ್ಟ. ಆಧ್ಯಾತ್ಮಿಕ ಬೆಳವಣಿಗೆಯ ನಿಜವಾದ ಪರೀಕ್ಷೆ ಪ್ರಾರ್ಥನೆಯ ದೀರ್ಘತೆಯಲ್ಲಿಲ್ಲ. ಪಂಕ್ತಿಯಲ್ಲಿ ಯಾರ ಪಕ್ಕಕ್ಕೆ ಯಾರು ಕೂರುತ್ತಾರೆ ಎಂಬುದರಲ್ಲಿದೆ.

ಜತ್ತದ ನೆಲಕ್ಕೆ ಈ ಹೋರಾಟದ ಮಾತು ಹೊಸದೇನೂ ಅಲ್ಲ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯೆಡೆಗೆ ಕಾಲ್ನಡಿಗೆಯಲ್ಲಿ ಬರುವ ಜನರ ಹಿಂದೆ ಶರಣಪರಂಪರೆಯಿದೆ. ಆ ಪರಂಪರೆಯಲ್ಲಿ ಲಿಂಗದೀಕ್ಷೆ ಪಡೆದು ಭವಿಯು ಭಕ್ತನಾಗುವುದು ಷಟ್‌ಸ್ಥಲದ ಮೊದಲ ಮೆಟ್ಟಿಲು ಮಾತ್ರ. ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಐದು ಸ್ಥಲಗಳು ಮುಂದಿವೆ. ಮನಸ್ಸನ್ನು ಮರ್ಕಟಕ್ಕೆ ಹೋಲಿಸಿ ದೂರಿದ ಬಸವಣ್ಣನವರು ಆ ಮಾತನ್ನು ಆಡಿದ್ದು ಭಕ್ತರಾದ ಮೇಲೆಯೇ. ಇದೇ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಅನುಭಾವವನ್ನು ಕುರಿತ ತಮ್ಮ ಗ್ರಂಥದಲ್ಲಿ ತುಕಾರಾಮರ ತಳಮಳವನ್ನು ವಿವರಿಸಲು ಕ್ರೈಸ್ತ ಅನುಭಾವಿಗಳ ‘ಆತ್ಮದ ಕಾಳರಾತ್ರಿ’ ಎಂಬ ಪರಿಭಾಷೆಯನ್ನೇ ಬಳಸಿದರು. ಭೇದವಿಲ್ಲವೆಂದಲ್ಲ. ಷಟ್‌ಸ್ಥಲದ ತುದಿ ಐಕ್ಯ. ಕ್ರೈಸ್ತ ದೃಷ್ಟಿಯಲ್ಲಿ ದೇವರೂ ಮನುಷ್ಯನೂ ಎಂದಿಗೂ ಇಬ್ಬರೇ, ಅವರ ಸಂಬಂಧ ಮಾತ್ರ ಗಾಢವಾಗುತ್ತ ಹೋಗುತ್ತದೆ. ಆದರೆ ದೀಕ್ಷೆ ಪ್ರಯಾಣದ ಮೊದಲ ಹೆಜ್ಜೆ ಎಂಬಲ್ಲಿ ಇಬ್ಬರ ಅನುಭವವೂ ಕೂಡುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದೀಕ್ಷೆಯ ನಂತರವೂ ಪಾಪ ಉಳಿಯುವುದಾದರೆ ದೀಕ್ಷೆಯಿಂದ ಪ್ರಯೋಜನವೇನು? ಪಾಪದೊಡನೆ ಮನುಷ್ಯನಿಗಿರುವ ಸಂಬಂಧ ಬದಲಾಗುತ್ತದೆ ಎಂಬುದು ಕ್ರೈಸ್ತ ಚಿಂತನೆಯ ಉತ್ತರ. ಮೊದಲು ಪಾಪದಲ್ಲಿ ಹಾಯಾಗಿದ್ದವನಿಗೆ ಈಗ ಅದು ನೋಯುತ್ತದೆ. ನೋವೇ ಜೀವಂತಿಕೆಯ ಗುರುತು. ಮಿರಜದಲ್ಲಿ 1894ರಲ್ಲಿ ವಾನ್ಲೆಸ್ ವೈದ್ಯರು ಆಸ್ಪತ್ರೆ ತೆರೆದಂದಿನಿಂದ ಈ ಸೀಮೆಯ ಜನ ಕ್ರೈಸ್ತರನ್ನು ಮುಖ್ಯವಾಗಿ ಕಂಡದ್ದು ಆಸ್ಪತ್ರೆಯ ಮೂಲಕ. ಒಳರೋಗಿಯಾಗಿ ಸೇರಿದವನನ್ನು ಇನ್ನೂ ಏಕೆ ಗುಣವಾಗಿಲ್ಲ ಎಂದು ಯಾರೂ ಹಂಗಿಸುವುದಿಲ್ಲ. ರೋಗವನ್ನು ಮುಚ್ಚಿಟ್ಟುಕೊಂಡವನ ಬಗ್ಗೆ ಮಾತ್ರ ವೈದ್ಯನು ಅಸಹಾಯಕನಾಗುತ್ತಾನೆ.

ಹೊಸದಾಗಿ ಕ್ರೈಸ್ತನಾದವನ ಸುತ್ತ ಇಂದು ಮುಚ್ಚಿಡುವ ಒತ್ತಾಯವೇ ಹೆಚ್ಚಾಗಿದೆ. ಹಳ್ಳಿಯ ಕಣ್ಣು ಅವನ ಮೇಲಿರುತ್ತದೆ. ಒಮ್ಮೆ ಎಡವಿದರೆ ‘ಇದಕ್ಕೇನಾ ಧರ್ಮ ಬಿಟ್ಟದ್ದು’ ಎಂಬ ಕುಹಕ ಸಿದ್ಧವಾಗಿರುತ್ತದೆ. ಸಭೆಯ ಕಣ್ಣೂ ಅವನ ಮೇಲಿರುತ್ತದೆ. ಎಡವಿದರೆ ಸಾಕ್ಷಿ ಕೆಟ್ಟಿತೆಂಬ ಆತಂಕ ಅವರದು. ಇಬ್ಬರ ನಡುವೆ ಸಿಕ್ಕ ಮನುಷ್ಯ ಗೆದ್ದವನಂತೆ ನಟಿಸುತ್ತಾನೆ. ಅಲ್ಲಿಗೆ ಅವನ ಬೆಳವಣಿಗೆ ನಿಲ್ಲುತ್ತದೆ. ಪಾಪ ಅವನನ್ನು ಸೋಲಿಸಿತು ಎನ್ನುವುದಕ್ಕಿಂತ ಸೋಲನ್ನು ಹೇಳಿಕೊಳ್ಳಲು ಅವನಿಗೆ ಜಾಗವಿರಲಿಲ್ಲ ಎನ್ನುವುದು ಸರಿ. ಕ್ಷಮೆಯನ್ನು ಸಾರುವ ಸಭೆ ಆ ಜಾಗವನ್ನು ಮೊದಲು ಒದಗಿಸಬೇಕು. ನೆರೆಹೊರೆಯವರೂ ತಮ್ಮ ಪರಂಪರೆಯ ಶರಣರಿಗೆ ಸಲ್ಲಿಸುವ ತಾಳ್ಮೆಯನ್ನು ಅವನಿಗೂ ಸಲ್ಲಿಸಬೇಕು.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ವಚನಗಳನ್ನು ಓದುವಾಗ ಆತ್ಮನಿಂದೆಯ ವಚನಗಳನ್ನು ದೌರ್ಬಲ್ಯವೆಂದು ಓದುವುದಿಲ್ಲ; ಅನುಭಾವದ ಪ್ರಾಮಾಣಿಕತೆಯೆಂದು ಓದುತ್ತಾರೆ. ಅದೇ ಕಣ್ಣಿನಿಂದ ಅಗಸ್ಟೀನನನ್ನೂ, ರಮಾಬಾಯಿಯವರ ಸಾಕ್ಷ್ಯವನ್ನೂ, ‘ಸ್ಮೃತಿಚಿತ್ರೆ’ಯನ್ನೂ ಓದಬೇಕಾಗಿದೆ. ಹಾಗೆ ಓದಿದವನು ಮತಾಂತರದ ಸುದ್ದಿ ಕೇಳಿದಾಗ ಎಷ್ಟು ಜನ ಎಂದು ಕೇಳಿ ಸುಮ್ಮನಾಗಲಾರ. ಅಕ್ಟೋಬರದ ಛಾಟಣಿ ಮುಗಿದ ದ್ರಾಕ್ಷಿ ತೋಟ ಹೊರಗಿನವರಿಗೆ ಬೋಳಾಗಿ, ಹಾಳಾದಂತೆ ಕಾಣುತ್ತದೆ. ಬೆಳೆಗಾರ ಮಾತ್ರ ಕಡ್ಡಿಯ ಗಿಣ್ಣುಗಳನ್ನು ನೋಡುತ್ತ ಸಾಲಿನಿಂದ ಸಾಲಿಗೆ ನಡೆಯುತ್ತಾನೆ.